ದಾಂಪತ್ಯಕ್ಕೆ ಸಾಕ್ಷಿ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಮೆರಿಕನ್ ಗಂಡನೊಡನೆ ಮನೆಗೆ ಬಂದಿದ್ದಳು. ಮದುವೆಯಾಗಿ ನಾಲ್ಕು ವರ್ಷ, ಸಂಸಾರ ಮೈಸೂರಿನಲ್ಲೇ. ಈಗ ಅವನ ದೇಶಕ್ಕೆ ಹೋಗಿ ನೆಲಸುವ ಯೋಚನೆ. ಹೆಂಡತಿಗಾಗಿ ಅವನು ಐ-130 ಅರ್ಜಿ ಹಾಕುತ್ತಿದ್ದಾನೆ. "ಸಾರ್, ನಮ್ಮ ಮದುವೆ ನಿಜವಾದದ್ದೆಂದು ನೀವೊಂದು ಅಫಿಡವಿಟ್ ಬರೆದುಕೊಡಬೇಕು" ಎಂದಳು. ಅದನ್ನು ನಾನು ಹೇಗೆ ಬಲ್ಲೆನೆಂಬುದನ್ನೂ ಬರೆಯಬೇಕಂತೆ.

ಬರೆಯಲು ಕುಳಿತೆ, ಲೇಖನಿ ಸಾಗಲಿಲ್ಲ. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು ಅವರ ಬಳಿ ಇವೆ. ಆದರೆ ಒಂದೇ ಸೂರಿನಡಿ ಇದ್ದೂ ಬೇರೆಯಾದವರನ್ನು ನಾವು ಕಂಡಿಲ್ಲವೆ? ಹಾಗೆಂದು ಕೇಳುವ ಸರ್ಕಾರವನ್ನು ಹಳಿಯಲಾರೆ. ವೀಸಾಕ್ಕಾಗಿಯೇ ಮದುವೆಯಾಗುವವರೂ ಉಂಟು. ಅದಕ್ಕೆಂದೇ 1986ರಲ್ಲಿ ಅಲ್ಲಿ ಕಾನೂನು ಬಿಗಿಯಾಯಿತು. ವಿಚಿತ್ರವೆಂದರೆ, ಇಲ್ಲಿ ಕೂಡಿ ಬಾಳಿದ್ದನ್ನು ತೋರಿಸಿದ ಗಂಡನೇ, ತನ್ನ ನೆಲೆ ಅಮೆರಿಕವೆಂದೋ ಮತ್ತೆ ಅಲ್ಲೇ ನೆಲೆಯೂರುವೆನೆಂದೋ ತೋರಿಸಬೇಕು. ಅದು ಅವನ ಪಾಡು.

ನನ್ನ ಪಾಡು ಬೇರೆ. ಇನ್ನೊಬ್ಬರ ಒಲವಿನ ಮೇಲೆ ಆಣೆಯಿಡಲು ನಾನಾರು? ಹಾಗೆಂದು ಸುಮ್ಮನಿದ್ದರೆ ಅವರಿಗೆ ನಷ್ಟ. ಕಡೆಗೆ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದೆ: ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಗ ಆ ಹುಡುಗ ಹೊರಗಿನ ಬೆಂಚಿನ ಮೇಲೆ ರಾತ್ರಿಗಳನ್ನು ಕಳೆದದ್ದು.

ಅವಳು ಓದಿದಳು. "ಅವರಿಗೆ ಇಷ್ಟು ಸಾಕಾದೀತೇ ಸಾರ್?" ಎಂದಳು.

ನಾನು ಬಲ್ಲದ್ದು ಅಷ್ಟೇ ಎಂದು ಹೇಳಿ ಸಹಿ ಹಾಕಿದೆ.