ಮುಚ್ಚಿದ ಬಾಗಿಲ ಹಿಂದಿನ ಖಾರ

ನಾನೂ ನನ್ನ ಗೆಳೆಯನೂ ಸೇರಿ ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಸಣ್ಣದೊಂದು ಬೇಕರಿ ತೆರೆದೆವು. ಅಂಗಡಿ, ಓವನ್, ಗಾಜಿನ ಶೋಕೇಸು ಹೇಗೋ ಹೊಂದಿಕೊಂಡವು. ಬೋರ್ಡಿನ ಮೇಲೆ ಏನು ಬರೆಸುವುದು ಎಂಬಲ್ಲಿ ಮಾತ್ರ ಮೂರು ವಾರ ಸಿಕ್ಕಿಬಿದ್ದೆವು. ಬೋರ್ಡು ಬರೆಯುವವನಂತೂ, 'ಅಯ್ಯಂಗಾರ್ ಬೇಕರಿ ಅಂತ ತಾನೆ ಸಾರ್?' ಎಂದು ಆಗಲೇ ಅಳತೆ ಹಾಕತೊಡಗಿದ್ದ. ನಾವಿಬ್ಬರೂ ಅಯ್ಯಂಗಾರರಲ್ಲ.

ಹಾಗೆ ಬರೆಸಿದ್ದರೆ ಯಾರೂ ಬಂದು ಜಾತಿ ಪ್ರಮಾಣಪತ್ರ ಕೇಳುತ್ತಿರಲಿಲ್ಲ. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ಈ ಊರಿಗೆ ಬಂದು ಕಟ್ಟಿದ ಆ ಹೆಸರನ್ನು ಈಗ ಎಲ್ಲ ಜಾತಿಯವರೂ ಹಾಕಿಕೊಳ್ಳುತ್ತಾರೆ. ಆ ಹೆಸರು ಗಿರಾಕಿಗೆ ಎರಡು ಮಾತು ಹೇಳುತ್ತದೆ. ಒಂದು, ಇಲ್ಲಿ ಮೊಟ್ಟೆ ಹಾಕುವುದಿಲ್ಲ. ಇನ್ನೊಂದು, ಈ ಹಿಟ್ಟನ್ನು ಮುಟ್ಟಿದ ಕೈ ಇಂಥವರದು. ಮೊದಲನೆಯದು ನಮ್ಮ ಮಟ್ಟಿಗೂ ನಿಜ. ಎರಡನೆಯದು ನಿಜವಲ್ಲ. ನಿಜವಾಗಿದ್ದರೂ ಹೇಳಿಕೊಳ್ಳುವಂಥದ್ದಲ್ಲ.

ಆದರೆ ಗೆಳೆಯನ ವಾದವೇ ಬೇರೆ ಇತ್ತು. ಅವನ ಅಪ್ಪ ಚನ್ನರಾಯಪಟ್ಟಣದ ಕಡೆಯ ಒಕ್ಕಲಿಗರು. ಇಪ್ಪತ್ತೇಳು ವರ್ಷ ಇಂಥದೇ ಒಂದು ಬೇಕರಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿಟ್ಟು ನಾದಿದವರು, ಸೌದೆ ಒಲೆಯ ಮುಂದೆ ರೆಪ್ಪೆಗೂದಲು ಸುಟ್ಟುಕೊಂಡವರು. 'ಆ ರುಚಿ ಬೋರ್ಡಿನದಲ್ಲ ಕಣೋ, ನಮ್ಮಪ್ಪನ ಕೈದು. ಹೆಸರು ಅವರದಾದರೆ ಬನ್ನು ನಮ್ಮದು' ಎನ್ನುತ್ತಿದ್ದ. ನಮ್ಮ ಬೇಕರಿ ಹುಟ್ಟಿದ್ದೇ ಈ ಮಾತಿನಿಂದ.

ಕಾಲೇಜಿನಲ್ಲಿ ಓದಿದ್ದ ಜಾನ್ ಲಾಕ್ ನನಗೆ ನೆನಪಾದ. 1689ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಅವನು, ಯಾರ ಸೊತ್ತೂ ಅಲ್ಲದ ವಸ್ತುವಿಗೆ ನನ್ನ ದುಡಿಮೆ ಬೆರೆತರೆ ಅದು ನನ್ನದಾಗುತ್ತದೆ ಎಂದು ವಾದಿಸುತ್ತಾನೆ. ಗೆಳೆಯನ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲವೆಂದುಕೊಂಡು ಪುಸ್ತಕ ತೆರೆದೆ. ಅದೇ ಅಧ್ಯಾಯದಲ್ಲಿ ಲಾಕ್ ಇನ್ನೊಂದು ಮಾತನ್ನೂ ಸಹಜವೆಂಬಂತೆ ಸೇರಿಸಿದ್ದಾನೆ: ನನ್ನ ಆಳು ಕಡಿದ ಹುಲ್ಲುಹೆಂಟೆಯೂ ನನ್ನದೇ. ಅಂದರೆ ದುಡಿಮೆ ಆಳಿನದು, ಒಡೆತನ ಯಜಮಾನನದು. ಹೀಗೆ ಒಂದೇ ಪುಟ ಅಪ್ಪನಿಗೆ ಹಕ್ಕು ಕೊಟ್ಟು, ಮರುಸಾಲಿನಲ್ಲಿ ಕಿತ್ತುಕೊಂಡಿತು.

ಈ ವಾದ ಕೇಳಿ ಅಪ್ಪ ನಕ್ಕರು. ಅವರ ತೊಂದರೆ ಅದಲ್ಲ. 'ಖಾರ ಬನ್ನಿನ ಮಸಾಲೆ ಅಯ್ನೋರು ಒಳಗಿನ ಕೋಣೇಲಿ ಬಾಗಿಲು ಹಾಕ್ಕೊಂಡು ಕಲಸೋರು. ನಂಗೆ ಒಂದಿನಾನೂ ತೋರಿಸ್ಲಿಲ್ಲ. ಕಲಸಿದ ಪಾತ್ರೆ ತೊಳೀತಿದ್ದೋನು ನಾನು. ಮೂಸಿ ಮೂಸಿ ಕಲ್ತೆ. ಅವರು ಕೊಡದೇ ಇರೋದನ್ನ ತಗೊಂಡಂಗಲ್ವಾ ಅದು? ಅವರ ಉಪ್ಪು ತಿಂದಿದೀನಲ್ಲಪ್ಪಾ' ಎಂದರು.

ಇಪ್ಪತ್ತೇಳು ವರ್ಷ ಪಾತ್ರೆ ತೊಳೆದವರಿಗೆ ಅದರಲ್ಲಿ ಉಳಿದ ವಾಸನೆಯೂ ತನ್ನದೆನಿಸಲಿಲ್ಲ. ನಮ್ಮ ಕಡೆ 'ಉಪ್ಪಿನ ಋಣ' ಎಂಬ ಮಾತು ಯಾವಾಗಲೂ ಕೆಳಗಿನವರಿಗೇ ಅನ್ವಯಿಸುತ್ತದೆ. ಅಪ್ಪ ನಾದಿದ ಹಿಟ್ಟನ್ನು ಮಾರಿಯೇ ಅವರ ಯಜಮಾನರೂ ಉಂಡದ್ದು. ಆ ಋಣದ ಲೆಕ್ಕ ಬರೆದಿಟ್ಟವರು ಯಾರು?

ಹಾಗಾದರೆ ಆ ರುಚಿ ಯಜಮಾನರದೇ? ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಮೊದಲನೆಯದು 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾಯಿತೆಂದೂ, ಅಲ್ಲಿನ ಸಹೋದರರಿಗೆ ಬ್ರೆಡ್ ಮಾಡಲು ಕಲಿಸಿದ್ದು ಒಬ್ಬ ಇಂಗ್ಲಿಷ್ ಗಿರಾಕಿಯೆಂದೂ ಕತೆ ಹೇಳುತ್ತಾರೆ. ಕತೆ ಹಾಗಿರಲಿ, ಹಸಿಮೆಣಸಿನಕಾಯಿ ಅಮೆರಿಕಾ ಖಂಡದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ ಈ ದೇಶಕ್ಕೆ ಬಂತು. 'ಪಾವ್' ಎಂಬ ಪದವೂ ಅವರದೇ. ಖಾರ ಬನ್ನಿನಲ್ಲಿ ಬನ್ನೂ ನಮ್ಮದಲ್ಲ, ಖಾರವೂ ನಮ್ಮದಲ್ಲ. ಯಾರೋ ಬಾಗಿಲು ತೆರೆದಿಟ್ಟಿದ್ದರಿಂದ, ಇಲ್ಲವೇ ಯಾರೋ ಸಂದಿಯಲ್ಲಿ ಇಣುಕಿದ್ದರಿಂದ ನಮ್ಮವರೆಗೆ ಬಂದಿದ್ದು.

ಕೊನೆಗೆ ಬೋರ್ಡಿನ ಮೇಲೆ ಬಡಾವಣೆಯ ಹೆಸರು ಬರೆಸಿ, ಕೆಳಗೆ 'ಮೊಟ್ಟೆ ಬಳಸುವುದಿಲ್ಲ' ಎಂದು ಸೇರಿಸಿದೆವು. ಮೊದಲ ಆರು ತಿಂಗಳು ಕೈಯಿಂದಲೇ ಹಾಕಿದೆವು. 'ಅಯ್ಯಂಗಾರ್ ಬೇಕರಿ ಅಲ್ವಾ ಇದು?' ಎಂದು ಕೇಳಿ ಮೆಟ್ಟಿಲಿಂದಲೇ ಹಿಂದಿರುಗಿದವರಿದ್ದಾರೆ. ಆದರೂ ನಾವು ಸರಿಯಾದದ್ದನ್ನೇ ಮಾಡಿದ್ದೇವೆಂಬ ಹೆಮ್ಮೆ ನನಗಿತ್ತು. ಕಳೆದ ಆಷಾಢದವರೆಗೂ ಇತ್ತು.

ನಮ್ಮಲ್ಲಿ ಒಡಿಶಾದ ಹುಡುಗನೊಬ್ಬ ಕೆಲಸಕ್ಕಿದ್ದಾನೆ. ಕನ್ನಡ ಕಲಿತದ್ದೂ ನಮ್ಮ ಅಂಗಡಿಯಲ್ಲೇ. ಕೈ ಚುರುಕು. ಚಳಿಗೆ ಹಿಟ್ಟು ಉಬ್ಬಲು ತಡವಾದರೆ ಓವನ್ನಿನ ಪಕ್ಕ ಎಷ್ಟು ಹೊತ್ತು ಇಡಬೇಕೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಬೆಳಿಗ್ಗೆ ನಾನು ಬೇಗ ಬಂದಾಗ ಅವನು ಹೊರಗೆ ಸುಮ್ಮನೆ ಕೂತಿದ್ದ. ಒಳಗಿನ ಕೋಣೆಯ ಬಾಗಿಲು ಹಾಕಿತ್ತು. ಗೆಳೆಯ ಮಸಾಲೆ ಕಲಸುತ್ತಿದ್ದ.

ಅವತ್ತು ಜಗಳವಾಯಿತು. 'ಇವನು ಕಲಿತು ಎದುರು ರಸ್ತೇಲಿ ಅಂಗಡಿ ಹಾಕಿದ್ರೆ? ನನ್ನ ಮಗಳ ಫೀಸು ನೀನು ಕಟ್ತೀಯಾ?' ಎಂದು ಅವನು ಕೇಳಿದ. ಅದು ಸುಳ್ಳು ಭಯವಲ್ಲ. ನನಗೂ ಸಾಲದ ಕಂತಿದೆ. ಬಾಗಿಲು ಹಾಕಿಕೊಂಡ ಆ ಹಳೆಯ ಯಜಮಾನರಿಗೂ ಮಕ್ಕಳಿದ್ದರು, ಬಾಡಿಗೆಯಿತ್ತು ಎಂಬುದು ನನಗೆ ಹೊಳೆದದ್ದೇ ಆಗ. ಅವರನ್ನು ಕೆಟ್ಟವರೆಂದುಕೊಳ್ಳುವುದು ಅಲ್ಲಿಯವರೆಗೆ ಬಹಳ ಸುಲಭವಾಗಿತ್ತು.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅಲ್ಲಿಗೇ ನಿಲ್ಲಿಸಲಿಲ್ಲ, ಪಕ್ಕದಲ್ಲಿ ದಾಸೋಹವನ್ನಿಟ್ಟರು. ಲಾಕ್‌ನ ದುಡಿಮೆ ಒಡೆತನದಲ್ಲಿ ಮುಗಿಯುತ್ತದೆ, ಶರಣರದು ಹಂಚುವುದರಲ್ಲಿ. ಪರಂಪರೆಯನ್ನು ನಾವು ಲಾಕ್‌ನ ಹಾಗೆ ಆಸ್ತಿಯೆಂದು ನೋಡುತ್ತೇವೆ. ಆದರೆ ಅಪ್ಪನಿಗೆ ಯಜಮಾನರು ಕೊಡದಿದ್ದದ್ದನ್ನು ನಾವು ಯಜಮಾನರ ಮನೆಯಿಂದ ವಸೂಲಿ ಮಾಡಲಾರೆವು. ನಮ್ಮಲ್ಲಿ ಪಾತ್ರೆ ತೊಳೆಯುವವನಿಗೆ ಕೊಡಬಹುದು. ಈ ಸಾಲ ಹಿಂದಕ್ಕೆ ತೀರುವಂಥದ್ದಲ್ಲ.

ಜಗಳ ಬಿಡಿಸಿದ್ದು ಅಪ್ಪ. ಯಾರಿಗೂ ಬುದ್ಧಿ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ತಾವೇ ಬಂದು, ಹುಡುಗನನ್ನು ಒಳಗೆ ಕರೆದು, ಈರುಳ್ಳಿ ಹೆಚ್ಚಲು ಹಚ್ಚಿದರು. ಗೆಳೆಯ ಮುಖ ಗಂಟು ಹಾಕಿಕೊಂಡು ಗಲ್ಲಾದಲ್ಲಿ ಕೂತಿದ್ದ. ಈಗಲೂ ಅವನಿಗೆ ಪೂರ್ತಿ ಒಪ್ಪಿಗೆಯಿಲ್ಲ. ಎದುರು ರಸ್ತೆಯಲ್ಲಿ ಯಾವ ಮಳಿಗೆ ಖಾಲಿಯಾದರೂ ಇಬ್ಬರ ಕಣ್ಣೂ ಅತ್ತ ಹೋಗುತ್ತದೆ. ಆದರೆ ಒಳಗಿನ ಕೋಣೆಯ ಬಾಗಿಲು ಅವತ್ತಿನಿಂದ ತೆರೆದೇ ಇದೆ.