ಯಾರ ಉಸಿರಿಗೆ ತಕ್ಕ ನಡಿಗೆ?



ಇಂದಿನ ಚಿಂತನೆಗೆ ಒಂದು ಪ್ರಶ್ನೆ. ಒಟ್ಟಾಗಿ ಹೊರಟ ಗುಂಪಿನಲ್ಲಿ ಕೆಲವರು ವೇಗವಾಗಿ ಹೋಗಬಲ್ಲರು, ಕೆಲವರಿಗೆ ಅದು ಆಗದು. ಮುಂದಿರುವವರು ನಿಧಾನಿಸಬೇಕೆ? ನಿಧಾನಿಸಿದರೆ ಅದು ಹಿಂದಿರುವವರಿಗೆ ತೋರಿಸುವ ಕನಿಕರವೇ, ಅಥವಾ ಬೇರೆಯದೇ ಒಂದು ಗುಣವೇ?

ಉತ್ತರಕ್ಕಾಗಿ ಇಂದು ಸ್ವಲ್ಪ ದೂರ ಹೋಗೋಣ. ಅಮೆರಿಕದ ಈಶಾನ್ಯದಲ್ಲಿ ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್ ಎಂಬ ಗುಡ್ಡಗಾಡಿನ ರಾಜ್ಯಗಳಿವೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಕ್ರಾಸ್ ಕಂಟ್ರಿ ಸ್ಕೀ ತಂಡಗಳಿವೆ. ಎರಡೂ ಕಾಲಿಗೆ ಉದ್ದನೆಯ ತೆಳ್ಳನೆಯ ಪಟ್ಟಿ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು, ಏರು ಇಳಿಜಾರು ಎನ್ನದೆ ಹಿಮದ ಮೇಲೆ ಕಿಲೋಮೀಟರ್‌ಗಟ್ಟಲೆ ಜಾರುತ್ತ ಸಾಗುವ ಆಟವಿದು. ಪಂದ್ಯಗಳು ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ. ಆದರೆ ಗಟ್ಟಿ ತಯಾರಿ ನಡೆಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಮೇಪಲ್ ಮರದ ಎಲೆಗಳು ಕೆಂಪಾಗಿ ಉದುರುತ್ತಿರುತ್ತವೆ. ಮೈದಾನದಲ್ಲಿ ಹಿಮದ ಸುಳಿವೂ ಇರುವುದಿಲ್ಲ.

ಹಿಮವಿಲ್ಲದೆ ಏನು ತಯಾರಿ? ಚಕ್ರ ಜೋಡಿಸಿದ ಗಿಡ್ಡ ಸ್ಕೀಗಳಿವೆ, ಅವುಗಳಿಗೆ ರೋಲರ್ ಸ್ಕೀ ಎನ್ನುತ್ತಾರೆ. ಅವನ್ನು ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಸಾಗುತ್ತಾರೆ. ಕೋಲು ಊರುತ್ತ ಗುಡ್ಡ ಹತ್ತುತ್ತಾರೆ. ವಾರದ ದಿನಗಳಲ್ಲಿ ತರಗತಿ ಇರುವುದರಿಂದ ಇಡೀ ತಂಡ ಹೆಚ್ಚು ಹೊತ್ತು ಒಟ್ಟಿಗಿರುವುದು ಶನಿವಾರ, ಭಾನುವಾರ.

ಈ ತರಬೇತಿಯಲ್ಲಿ ಎರಡು ಬಗೆಯ ದಿನಗಳಿವೆ. ಒಂದು ಕಠಿಣ ದಿನ. ನಾಲ್ಕೈದು ನಿಮಿಷ ಏದುಸಿರು ಬಿಡುವಷ್ಟು ಜೋರಾಗಿ ಏರಬೇಕು, ನಿಧಾನವಾಗಿ ಇಳಿಯಬೇಕು, ಮತ್ತೆ ಏರಬೇಕು. ಅಂದು ಯಾರೂ ಯಾರಿಗೂ ಕಾಯುವುದಿಲ್ಲ. ಇನ್ನೊಂದು ದೀರ್ಘ ದಿನ. ಎರಡು ಮೂರು ಗಂಟೆ, ನಿಧಾನ. ಎಷ್ಟು ನಿಧಾನವೆಂದರೆ ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರಬೇಕು. ವರ್ಷದ ತರಬೇತಿಯಲ್ಲಿ ಹೆಚ್ಚಿನ ಗಂಟೆಗಳು ಇಂಥ ನಿಧಾನದವೇ. ದಣಿವು ತಡೆಯುವ ಶಕ್ತಿ ಬೆಳೆಯುವುದು ಬಹುಪಾಲು ಇದರಿಂದಲೇ. ದಿನಾಲೂ ಪಂದ್ಯ ಮಾಡಿಕೊಂಡವನು ನಿಜವಾದ ಹಿಮ ಬೀಳುವ ಹೊತ್ತಿಗೆ ಬಳಲಿರುತ್ತಾನೆ.

ನಮ್ಮ ಪ್ರಶ್ನೆ ಹುಟ್ಟುವುದು ಈ ದೀರ್ಘ ದಿನದಲ್ಲಿ. ಹಿರಿಯ ವಿದ್ಯಾರ್ಥಿಯೊಬ್ಬ ಹರಟುತ್ತ ಮುಂದೆ ಸಾಗುತ್ತಿದ್ದಾನೆ ಎಂದುಕೊಳ್ಳಿ. ಈ ವರ್ಷವಷ್ಟೇ ಸೇರಿದ ಹುಡುಗನಿಗೆ ಅದೇ ವೇಗ ಏದುಸಿರು. ಅವನಿಂದ ಮಾತೇ ಹೊರಡದು. ಹೇಳಿಕೊಳ್ಳಲು ನಾಚಿಕೆ, ನಗುತ್ತ ತಲೆಯಾಡಿಸುತ್ತ ಹಿಂದೆ ಬರುತ್ತಾನೆ. ಹಿರಿಯನಿಗೆ ಅದು ಸುಲಭದ ದಿನ, ಇವನಿಗೆ ಮತ್ತೊಂದು ಪಂದ್ಯ. ಹೀಗೆ ಕೆಲವು ವಾರ ನಡೆದರೆ ಕಾಯಿಲೆ ಬೀಳಬಹುದು, ತಂಡವನ್ನೇ ಬಿಡಬಹುದು. ಹಿರಿಯನಲ್ಲಿ ದ್ವೇಷವಿರಲಿಲ್ಲ. ತನಗೆ ಸಲೀಸಾದದ್ದು ಎಲ್ಲರಿಗೂ ಸಲೀಸು ಎಂದುಕೊಂಡ, ಅಷ್ಟೆ. ಕೆಟ್ಟ ಉದ್ದೇಶವಿಲ್ಲದೆಯೂ ನೋವು ಕೊಡಬಹುದು ಬಂಧುಗಳೇ.

ಇದು ನಮಗೆ ಹೊಸದಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮ ಮಕ್ಕಳು ಪ್ರತಿದಿನವೂ ತಮ್ಮ ಯೋಗ್ಯತೆ ಸಾಬೀತು ಮಾಡುತ್ತಲೇ ಇರಬೇಕು. ಅವರಿಗೆ ನಿಧಾನದ ದಿನವೇ ಇಲ್ಲ. ಹೊರಗೆ ಹಾಗಿದ್ದರೆ, ನಮ್ಮ ವಿಹಾರದಲ್ಲಿ, ನಮ್ಮ ಅಧ್ಯಯನ ಬಳಗದಲ್ಲಿ ಹೇಗಿದ್ದೇವೆ? ಪಾಲಿ ಪದಗಳನ್ನು ಸರಾಗವಾಗಿ ಹೇಳಿ ಮುಂದೆ ಹೋಗುವಾಗ, ಹೊಲದ ಕೆಲಸ ಮುಗಿಸಿ ಬಂದು ಕೊನೆಯ ಸಾಲಿನಲ್ಲಿ ಕುಳಿತ ಅಕ್ಕ ಸುಮ್ಮನೆ ತಲೆಯಾಡಿಸಿದರೆ, ಅರ್ಥವಾಯಿತು ಎಂದುಕೊಳ್ಳುತ್ತೇವೆ. ಮೌನವೆಲ್ಲ ಒಪ್ಪಿಗೆಯಲ್ಲ. ಕೆಲವೊಮ್ಮೆ ಅದು ಏದುಸಿರು.

ಹಾಗಾದರೆ ಪ್ರತಿಭೆ ಇದ್ದವರು ಸದಾ ತಡೆದು ನಿಲ್ಲಬೇಕೆ? ಇಲ್ಲ. ಭಿಕ್ಕು ಸೋಣನನ್ನು ನೆನೆಯಿರಿ. ಸಿರಿವಂತರ ಮನೆಯ ಮಗ. ಪಾದಗಳಿಂದ ರಕ್ತ ಸುರಿಯುವವರೆಗೆ ಚಂಕ್ರಮಣ ಮಾಡಿ, ಫಲ ಕಾಣದೆ, ಮನೆಗೆ ಮರಳುವ ಯೋಚನೆ ಮಾಡಿದ. ಭಗವಾನ್ ಬುದ್ಧರು ಅವನಿಗೆ ವೀಣೆಯ ತಂತಿಯ ಉದಾಹರಣೆ ಕೊಟ್ಟರು. ಅತಿ ಬಿಗಿಯಾದರೂ ನಾದವಿಲ್ಲ, ಅತಿ ಸಡಿಲವಾದರೂ ನಾದವಿಲ್ಲ. ಪ್ರಯತ್ನ ಬಿಡು ಎಂದು ಅವರು ಹೇಳಲಿಲ್ಲ, ಹದ ಮಾಡಿಕೋ ಎಂದರು. ವೀಣೆಯ ತಂತಿಗಳೆಲ್ಲ ಒಂದೇ ಬಿಗಿಯಲ್ಲಿ ಇರುವುದಿಲ್ಲ. ಒಂದೊಂದಕ್ಕೂ ಅದರದೇ ಹದ, ಆದರೂ ಶ್ರುತಿ ಒಂದೇ.

ಸ್ಕೀ ತಂಡದಲ್ಲೂ ಹಾಗೆಯೇ. ಕಠಿಣ ದಿನದಂದು ನಿನ್ನ ಶಕ್ತಿಯಷ್ಟು ಓಡು, ಯಾರೂ ತಡೆಯರು. ದೀರ್ಘ ದಿನದಂದು ಕೊನೆಯವನ ಉಸಿರು ಕೇಳಿಸಿಕೊಂಡು ನಡೆ. ಹಾಗೆ ನಡೆದವನಿಗೂ ನಷ್ಟವಿಲ್ಲ, ಅಂದಿನ ನಿಧಾನ ಅವನ ತರಬೇತಿಯೂ ಹೌದು. ಅಲ್ಲಿನ ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಪಂದ್ಯದಲ್ಲಿ ಗಂಡು ಹೆಣ್ಣು ಎಲ್ಲರ ಅಂಕಗಳೂ ಕೂಡಿ ತಂಡಕ್ಕೆ ಒಂದೇ ಮೊತ್ತ ಬರುತ್ತದೆ. ಒಬ್ಬ ಶೂರನಿಂದ ತಂಡ ಗೆಲ್ಲದು.

ಬಾಬಾಸಾಹೇಬರ ಬದುಕಿನಲ್ಲೂ ಎರಡು ಬಗೆಯ ದಿನಗಳಿದ್ದವು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಅವರು ಯಾರಿಗೂ ಕಾಯದೆ ಓದಿದರು. ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಸಾರಿದ್ದು 1935ರಲ್ಲಿ, ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಅದಕ್ಕೆ ಕಾರಣಗಳು ಹಲವು. ಆದರೆ ಒಬ್ಬರೇ ಹೋಗುವುದಾಗಿದ್ದರೆ ಮರುದಿನವೇ ಹೋಗಬಹುದಿತ್ತು. ನಾಗಪುರದಲ್ಲಿ ಅವರು ಒಬ್ಬರೇ ನಿಲ್ಲಲಿಲ್ಲ. ಜೊತೆಗೆ ಲಕ್ಷಾಂತರ ಜನರಿದ್ದರು, ಅವರಿಗೆ 22 ಪ್ರತಿಜ್ಞೆಗಳನ್ನು ತಾವೇ ಬೋಧಿಸಿದರು.

ಸೋದರತೆ ಎಂಬ ಪದಕ್ಕಿಂತ ಬುದ್ಧರ ಮೈತ್ರಿ ಎಂಬ ಪದವೇ ಸರಿಯಾದದ್ದು ಎಂದು ಬಾಬಾಸಾಹೇಬರು ಬರೆದಿದ್ದಾರೆ. ನಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ. ಕನಿಕರ ಮೇಲೆ ನಿಂತು ಕೆಳಗೆ ನೋಡುತ್ತದೆ. ಮೈತ್ರಿ ಪಕ್ಕದಲ್ಲಿ ನಡೆಯುತ್ತದೆ.

ಇಂದಿನ ಅಭ್ಯಾಸ: ಮನೆಯಲ್ಲಿ, ಕೆಲಸದಲ್ಲಿ, ಬಳಗದಲ್ಲಿ ನಿಮಗೆ ಸಲೀಸಾದ ಒಂದು ಕೆಲಸ ಆರಿಸಿಕೊಳ್ಳಿ. ಅದರಲ್ಲಿ ಹಿಂದುಳಿದವರೊಬ್ಬರ ಪಕ್ಕದಲ್ಲಿ ಕುಳಿತು, ಅರ್ಥವಾಯಿತೇ ಎಂದು ಕೇಳಬೇಡಿ. ನೀವೇ ಹೇಳಿ ನೋಡೋಣ ಎನ್ನಿ. ಅವರು ಪೂರ್ತಿ ವಾಕ್ಯದಲ್ಲಿ ಮಾತಾಡುವವರೆಗೆ ಕಾಯಿರಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.