ಯಾವ ಜಾತಿ ನಾಯಿ ತರೋಣ?



ಕಳೆದ ತಿಂಗಳು ಒಂದು ಭಾನುವಾರ, ಕನ್ನಡ ಪೂಜೆ ಮುಗಿದು ತಮಿಳು ಪೂಜೆಗೆ ಜನ ಸೇರುತ್ತಿದ್ದ ಹೊತ್ತು. ದೇವಾಲಯದ ಅಂಗಳದಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬ ಅಕ್ಕ ನನ್ನನ್ನು ತಡೆದು ನಿಲ್ಲಿಸಿದರು. "ನೀನು ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳಲ್ವಾ? ಮಕ್ಕಳದ್ದು ನಾಯಿ ಬೇಕು ಅಂತ ಒಂದೇ ಹಟ. ಯಾವ ಜಾತಿ ನಾಯಿ ತಂದರೆ ಒಳ್ಳೇದು, ಹೇಳಮ್ಮಾ" ಎಂದರು. ಅವರು ಶಾಲೆಯಲ್ಲಿ ಟೀಚರ್. ಅವರ ಯಜಮಾನರಿಗೆ ಹೊಸೂರಿನ ಸಿಪ್ಕಾಟ್‌ನಲ್ಲಿ ಶಿಫ್ಟ್ ಕೆಲಸ. ಮಕ್ಕಳಿಬ್ಬರಲ್ಲಿ ದೊಡ್ಡವನು ನಾಲ್ಕನೇ ತರಗತಿ, ಚಿಕ್ಕವಳು ಯುಕೆಜಿ. ಬೆಳಗ್ಗೆ ಎಂಟಕ್ಕೆ ಬೀಗ ಬಿದ್ದ ಮನೆ ಸಾಮಾನ್ಯವಾಗಿ ತೆರೆಯುವುದು ಸಂಜೆ ಐದಕ್ಕೆ.

"ಯೋಚನೆ ಮಾಡಿ ಹೇಳ್ತೀನಿ ಅಕ್ಕಾ" ಎಂದೆ. ಅವರಿಗೆ ಆಶ್ಚರ್ಯವಾಗಿರಬೇಕು. ಫೋನಿನಲ್ಲಿ ಅರ್ಧ ನಿಮಿಷಕ್ಕೆ ಸಿಗುವ ಉತ್ತರಕ್ಕೆ ಯೋಚನೆ ಯಾಕೆ? ಆದರೆ ಇದೇ ಪ್ರಶ್ನೆಗೆ ನಾನು ಒಮ್ಮೆ ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟಿದ್ದೇನೆ. ಅದನ್ನು ಇಲ್ಲಿ ಹೇಳದೆ ಮುಂದಿನ ಮಾತು ಆಡುವುದು ಸರಿಯಲ್ಲ.

ಆಗ ನಾನು ಬಿಎಸ್ಸಿ ಮೊದಲ ವರ್ಷ, ನನ್ನ ತಮ್ಮನಿಗೆ ಹತ್ತು ವರ್ಷ. ಅವನು ನಾಯಿ ಕೇಳಿದ. ಅಪ್ಪ "ಯಾವುದು?" ಎಂದರು. ನಾನು ಫೋನಿನಲ್ಲಿ ನೋಡಿ "ಲ್ಯಾಬ್ರಡಾರ್, ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತೆ" ಎಂದೆ. ಓದಿದ್ದು ಸುಳ್ಳೇನೂ ಅಲ್ಲ. ಬ್ರೂನೋ ಮನೆಗೆ ಬಂದ. ಮೊದಲ ಮೂರು ತಿಂಗಳು ಮನೆಯೆಲ್ಲ ಹಬ್ಬ. ಆಮೇಲೆ ಕಾಲೇಜು, ಟ್ಯೂಷನ್, ಅಪ್ಪನ ನೈಟ್ ಶಿಫ್ಟ್, ಅಮ್ಮನ ಕೆಲಸ. ಬ್ರೂನೋ ಹಗಲೆಲ್ಲ ಮೆಟ್ಟಿಲ ಕೆಳಗೆ ಸರಪಳಿಯಲ್ಲಿ. ಮೊದಲು ಚಪ್ಪಲಿ ಕಚ್ಚಿ ಹಾಕಿತು, ಆಮೇಲೆ ಬಾಗಿಲ ಚೌಕಟ್ಟು. ಮಧ್ಯಾಹ್ನವೆಲ್ಲ ಬೊಗಳಿ ಪಕ್ಕದ ಮನೆಯವರ ನಿದ್ದೆ, ನಮ್ಮಪ್ಪನ ನಿದ್ದೆ ಎರಡೂ ಕೆಡಿಸಿತು. ಒಂದು ವರ್ಷ ತುಂಬುವ ಮೊದಲೇ ಡೆಂಕಣಿಕೋಟೆ ಕಡೆಯ ನೆಂಟರ ತೋಟಕ್ಕೆ ಕಳಿಸಿಬಿಟ್ಟೆವು. ಅಳುತ್ತಿದ್ದ ತಮ್ಮನಿಗೆ "ಅಲ್ಲಿ ಜಾಗ ಇದೆ, ಓಡಾಡಿಕೊಂಡು ಚೆನ್ನಾಗಿರುತ್ತೆ" ಎಂದು ಸಮಾಧಾನ ಹೇಳಿದವಳು ನಾನೇ.

ಎರಡು ತಿಂಗಳಿಗೆ ಅದು ತೋಟದಿಂದ ತಪ್ಪಿಸಿಕೊಂಡು ಹೋಯಿತೆಂದು ಫೋನ್ ಬಂತು. ಮತ್ತೆ ಸಿಗಲಿಲ್ಲ. ಆ ಮಾತನ್ನು ತಮ್ಮನಿಂದ ಒಂದು ವರ್ಷ ಮುಚ್ಚಿಟ್ಟೆ. ಕೇಳಿದಾಗೆಲ್ಲ "ಚೆನ್ನಾಗಿದ್ದಾನೆ" ಎನ್ನುತ್ತಿದ್ದೆ. ಕೊನೆಗೆ ಒಂದು ಮದುವೆ ಮನೆಯಲ್ಲಿ ಯಾರದೋ ಬಾಯಿಂದ ಅವನಿಗೆ ಗೊತ್ತಾಯಿತು. ಅವನು ನನ್ನನ್ನು ಬೈಯಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೇ ಮಾತು ಕೇಳಿದ: "ಅವನು ನಮ್ಮ ಮನೆಗೇ ಬರೋಕೆ ಹೊರಟಿದ್ದನೇನೋ, ಅಲ್ವಾ ಅಕ್ಕಾ?" ಆ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು. "ಆ ಜಾತಿಯೇ ಹಾಗೆ, ತುಂಟ ಜಾತಿ." ತರುವಾಗ ಹೊಗಳಿದ್ದೂ ಜಾತಿಯನ್ನೇ, ಕಳಿಸುವಾಗ ದೂರಿದ್ದೂ ಜಾತಿಯನ್ನೇ. ನಡುವೆ ನಾವು ಮಾಡಿದ್ದೇನು ಎಂದು ಯಾರೂ ಕೇಳಿಕೊಳ್ಳಲಿಲ್ಲ. ನಮ್ಮ ಊರಿನ ಮೂರು ಭಾಷೆಯಲ್ಲೂ ಈ ಪದ ಒಂದೇ ಎಂಬುದನ್ನು ಗಮನಿಸಿ. ಕನ್ನಡದಲ್ಲಿ ಜಾತಿ ನಾಯಿ, ತಮಿಳಿನಲ್ಲಿ ಜಾದಿ ನಾಯ್, ತೆಲುಗಿನಲ್ಲಿ ಜಾತಿ ಕುಕ್ಕ. ಉಳಿದದ್ದೆಲ್ಲ ಕಂತ್ರಿ, ನಾಟ್ಟು ನಾಯ್, ಊರ ಕುಕ್ಕ. ಮನುಷ್ಯರನ್ನು ಜಾತಿಯಿಂದ ಅಳೆಯಬಾರದೆಂದು ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುವ ನಾನು, ಮನೆಗೆ ಬರುವ ಒಂದು ಜೀವದ ವಿಷಯದಲ್ಲಿ ಆ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಿದ್ದೆ.

ಹಾಗೆಂದು ತಳಿ ಎಂಬುದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಮನುಷ್ಯರ ಜಾತಿಗೂ ನಾಯಿಯ ತಳಿಗೂ ದೊಡ್ಡ ವ್ಯತ್ಯಾಸವಿದೆ. ತಳಿ ಎಂದರೆ ಮನುಷ್ಯ ತನ್ನ ಒಂದು ಕೆಲಸಕ್ಕೆ ಬೇಕಾದ ಗುಣವಿರುವ ನಾಯಿಗಳನ್ನೇ ಆರಿಸಿ, ತಲೆಮಾರುಗಳ ಕಾಲ ಅವುಗಳಿಂದಲೇ ಮರಿ ಮಾಡಿಸುತ್ತಾ ಬಂದದ್ದರ ಫಲ. ಲ್ಯಾಬ್ರಡಾರ್‌ನ ಹಿರೀಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಮೀನುಗಾರರ ಬಲೆ, ಮೀನು ಎಳೆದು ತರುತ್ತಿದ್ದ ನಾಯಿಗಳು. ಆಮೇಲೆ ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಬೇಟೆಯಾಡಿದ ಹಕ್ಕಿಗಳನ್ನು ಹೆಕ್ಕಿ ತರಲು ಅವನ್ನು ಬೆಳೆಸಿದರು. ಅಂಥ ನಾಯಿ ದಿನವೆಲ್ಲ ಓಡಾಡಿ, ಬಾಯಲ್ಲಿ ಏನನ್ನಾದರೂ ಹೊತ್ತು ತರಲೆಂದೇ ರೂಪುಗೊಂಡದ್ದು. ಅದನ್ನು ಒಂಬತ್ತು ಗಂಟೆ ಮೆಟ್ಟಿಲ ಕೆಳಗೆ ಕಟ್ಟಿದರೆ ಚಪ್ಪಲಿಯನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ಅದು ತುಂಟತನವಲ್ಲ, ಕೆಲಸವಿಲ್ಲದವನ ಸಂಕಟ.

ಉಳಿದವನ್ನೂ ಹೀಗೆಯೇ ನೋಡಬೇಕು. ಬೀಗಲ್ ಗುಂಪಿನಲ್ಲಿ ವಾಸನೆ ಹಿಡಿದು ಮೊಲ ಅಟ್ಟಲು ಬೆಳೆಸಿದ ನಾಯಿ. ಮಕ್ಕಳೊಂದಿಗೆ ಸ್ನೇಹ, ಆದರೆ ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆ. ಜರ್ಮನ್ ಷೆಫರ್ಡ್ ಕುರಿ ಕಾಯುತ್ತಿದ್ದ ನಾಯಿ, ಬುದ್ಧಿಗೆ ದಿನವೂ ಕೆಲಸ ಬೇಕು. ಹಸ್ಕಿ ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯುತ್ತಿದ್ದದ್ದು. ಅದರ ಎರಡು ಪದರದ ರೋಮ ನಮ್ಮ ಹೊಸೂರಿನ ಏಪ್ರಿಲ್‌ಗೂ ಹೆಚ್ಚು. ಪಗ್ ಚಿಕ್ಕದು, ಫ್ಲಾಟಿಗೆ ಸರಿ ಎನ್ನುತ್ತಾರೆ. ಆದರೆ ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ನಮ್ಮ ಚಂದಕ್ಕಾಗಿ ಮೂತಿ ಚಪ್ಪಟೆ ಮಾಡಿದ ಪಗ್‌ಗೆ ಆ ಉಸಿರೇ ಕಷ್ಟ. ನಮ್ಮ ಮುಧೋಳ, ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ ಇವೆಲ್ಲ ಹೆಮ್ಮೆಯ ತಳಿಗಳು. ಮುಧೋಳ, ರಾಜಪಾಳಯಂ ನಾಯಿಗಳ ಚಿತ್ರವಿರುವ ಅಂಚೆ ಚೀಟಿಗಳು 2005ರಲ್ಲಿ ಬಂದವು. ಆದರೆ ಇವೂ ಬಯಲಿನಲ್ಲಿ ಓಡಿ ಬೇಟೆ ಹಿಡಿಯುವ ನಾಯಿಗಳು. ನಮ್ಮ ನೆಲದವು ಎಂದ ಮಾತ್ರಕ್ಕೆ ಎರಡು ಕೋಣೆಯ ಮನೆಗೆ ಹೊಂದುವುದಿಲ್ಲ.

ಆದ್ದರಿಂದ "ಯಾವ ಜಾತಿ?" ಎಂಬ ಪ್ರಶ್ನೆ ತಪ್ಪಲ್ಲ, ಅದು ಎರಡನೆಯ ಪ್ರಶ್ನೆ. ಮೊದಲನೆಯದು, "ನಮ್ಮ ದಿನದಲ್ಲಿ ಅದಕ್ಕೆ ಎಷ್ಟು ಹೊತ್ತು ಇದೆ?" ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ, ಚಿಕ್ಕ ತಳಿಗಳು ಇನ್ನೂ ಹೆಚ್ಚು. ಇವತ್ತು ನಾಲ್ಕನೇ ತರಗತಿಯ ಹುಡುಗ ಕಾಲೇಜು ಮುಗಿಸುವಾಗಲೂ ಅದು ಮನೆಯಲ್ಲಿರುತ್ತದೆ. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಹಾಕಬೇಕು, ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು. ಲಸಿಕೆಗಳು ಶುರುವಾಗುವುದು ಆರರಿಂದ ಎಂಟು ವಾರಕ್ಕೆ, ರೇಬೀಸ್ ಲಸಿಕೆ ಸುಮಾರು ಮೂರು ತಿಂಗಳಿಗೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರದ ನಿಯಮವೇ ಇದೆ, ತಾಯಿಯ ಬಳಿ ಕಲಿಯಬೇಕಾದದ್ದನ್ನು ಅದು ಕಲಿಯಲಿ ಎಂದು. ಹಗಲೆಲ್ಲ ಬೀಗ ಹಾಕಿರುವ ಮನೆಗೆ ಯಾವ ತಳಿಯ ಮರಿಯೂ ಸರಿಯಾದದ್ದಲ್ಲ. ಅಂಥ ಮನೆಗೆ ಬೇಕೇ ಬೇಕೆಂದರೆ, ಸ್ವಭಾವ ಗೊತ್ತಿರುವ, ಶಾಂತವಾದ, ಬೆಳೆದ ನಾಯಿ ಮರಿಗಿಂತ ಮೇಲು. ಆಗಲೂ ಮಧ್ಯಾಹ್ನ ಬಂದು ನೋಡುವವರೊಬ್ಬರು ಇರಬೇಕು. ನಾವು ಕಂತ್ರಿ ಎಂದು ತಳ್ಳುವ ನಾಡು ನಾಯಿ ಎಷ್ಟೋ ಸಲ ಇಂಥ ಮನೆಗೆ ಚೆನ್ನಾಗಿ ಒಗ್ಗುತ್ತದೆ. ರೋಮ ಗಿಡ್ಡ, ಈ ಹವೆಯಲ್ಲೇ ಹುಟ್ಟಿದ್ದು, ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬೇಕಾಗಿಲ್ಲ.

ಎರಡನೆಯ ಮಾತು ಮಕ್ಕಳದ್ದು. "ನಾನೇ ನೋಡಿಕೊಳ್ತೀನಿ" ಎಂದು ಮಗು ಆಣೆ ಇಡುತ್ತದೆ. ಆ ಹೊತ್ತಿಗೆ ಅದು ನಿಜವೂ ಹೌದು. ಆದರೆ ಹತ್ತು ವರ್ಷದ ಮಾತನ್ನು ಹತ್ತು ವರ್ಷದ ಮಗುವಿನಿಂದ ಪಡೆಯುವುದು ನ್ಯಾಯವಲ್ಲ. ಮಾತು ಕೊಡುವವರು ದೊಡ್ಡವರು, ಮಗು ಕೈಜೋಡಿಸುವುದು. ನಾಯಿ ಹೋದ ದಿನ "ನೀನು ನೋಡಿಕೊಳ್ಳಲಿಲ್ಲ, ಅದಕ್ಕೇ ಕಳಿಸಿದ್ದು" ಎಂದು ಮಗುವಿನ ತಲೆಗೆ ಕಟ್ಟುವ ಮನೆಗಳನ್ನು ನಾನು ಕಂಡಿದ್ದೇನೆ. ಚಿಕ್ಕ ಮಕ್ಕಳನ್ನು ನಾಯಿಯ ಜೊತೆ, ಅದು ಎಷ್ಟೇ ಸಾಧುವಾಗಿರಲಿ, ದೊಡ್ಡವರಿಲ್ಲದೆ ಬಿಡಬಾರದು. ತಿನ್ನುವಾಗ, ಮಲಗಿರುವಾಗ ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಬೇಕು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಹೊಡೆದರೆ ಮುಂದಿನ ಸಲ ಎಚ್ಚರಿಸದೆ ಕಚ್ಚೀತು. ಯಾವ ನಾಯಿ ಕಚ್ಚಿದರೂ ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

"ಮನುಷ್ಯರಿಗೇ ಗತಿಯಿಲ್ಲದ ಕಾಲದಲ್ಲಿ ನಾಯಿಯ ಬಗ್ಗೆ ಇಷ್ಟೊಂದು ಯಾಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇಲ್ಲಿ ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ತೋರುವುದು ನಮ್ಮ ಋಣ, ಸುಮ್ಮನೆ ನೋಯಿಸುವುದು ಮನುಷ್ಯನ ಘನತೆಗೇ ಕುಂದು. ಹಾಗೆಯೇ, ಕಷ್ಟದಲ್ಲಿರುವ ಮನುಷ್ಯರಿಗೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ಸರಿಯಲ್ಲ. ಈ ಎರಡನ್ನೂ ಸೇರಿಸಿ ನೋಡಿದಾಗ ನನಗೆ ಹೊಳೆದದ್ದು ಇಷ್ಟು. ನಾಯಿ ಸಾಕಲೇಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ. ತರದಿದ್ದರೆ ಪಾಪವಿಲ್ಲ. "ನಮಗೆ ಈಗ ಆಗುವುದಿಲ್ಲ" ಎನ್ನುವುದೂ ಒಂದು ಬಗೆಯ ದಯೆಯೇ. ಆದರೆ ತಂದ ಮೇಲೆ ಲೆಕ್ಕ ಬೇರೆ. ಅದು ನಮ್ಮ ಮನೆ ಕೇಳಿಕೊಂಡು ಬಂದದ್ದಲ್ಲ, ನಾವೇ ಅದನ್ನು ತಾಯಿಯಿಂದ ಬಿಡಿಸಿ ತಂದವರು. "ಮನುಷ್ಯರಿಗೇ ಗತಿಯಿಲ್ಲ" ಎಂಬ ಮಾತು ತರುವ ಮೊದಲು ವಿವೇಕ, ತಂದ ಮೇಲೆ ಬರೀ ನೆಪ. ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು, ಮಿತಿಮೀರಿ ಹೊತ್ತು ಸರಪಳಿಯಲ್ಲಿ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧಗಳು. ನೆಂಟರ ತೋಟಕ್ಕೆ ಕಳಿಸಿದ ನಮ್ಮನ್ನು ಯಾವ ಪೊಲೀಸರೂ ಕೇಳಲಿಲ್ಲ. ಕೇಳಿದವನು ನನ್ನ ತಮ್ಮ ಒಬ್ಬನೇ.

ಒಂದು ವಾರದ ಮೇಲೆ ಆ ಅಕ್ಕನಿಗೆ ಹೀಗೆ ಹೇಳಿದೆ: "ಯಾವ ಜಾತಿ ಅಂತ ಆಮೇಲೆ ನೋಡೋಣ ಅಕ್ಕಾ. ಹದಿನೈದು ದಿನ ನಾಯಿ ಇದೆ ಅಂತಲೇ ಅಂದುಕೊಂಡು ನಡೆಯಿರಿ. ಬೆಳಗ್ಗೆ ಆರಕ್ಕೆ ಎದ್ದು ಯಾರಾದರೂ ಒಬ್ಬರು ಅರ್ಧ ಗಂಟೆ ಬೀದಿ ಸುತ್ತಿ ಬರಬೇಕು, ಸಂಜೆಯೂ ಅಷ್ಟೇ, ಮಳೆ ಬಂದರೂ. ಊಟಕ್ಕೂ ಡಾಕ್ಟರಿಗೂ ಆಗುವ ದುಡ್ಡನ್ನು ಒಂದು ಡಬ್ಬಿಗೆ ಹಾಕುತ್ತಾ ಬನ್ನಿ." ಅವರು ನಕ್ಕರು. ಆದರೂ ಮಾಡಿದರು. ಹುಡುಗ ಒಂಬತ್ತು ದಿನ ಎದ್ದನಂತೆ. ಅಣ್ಣ ನೈಟ್ ಶಿಫ್ಟ್ ವಾರದಲ್ಲಿ ಮೂರನೇ ದಿನಕ್ಕೇ ಕೈಚೆಲ್ಲಿದರಂತೆ. "ಈಗ ಬೇಡ ಅಂತ ಮಾಡಿದ್ವಿ. ಮುಂದಿನ ವರ್ಷ ಅತ್ತೆ ನಮ್ಮ ಜೊತೆ ಇರೋಕೆ ಬರ್ತಾರೆ, ಆಗ ನೋಡ್ತೀವಿ" ಎಂದರು ಅಕ್ಕ. ಹುಡುಗನಿಗೆ ಬೇಜಾರಾಗಿದೆ. ಆದರೆ ಯಾಕೆ ಬೇಡ ಎಂಬುದು ಅವನಿಗೆ ಗೊತ್ತಿದೆ, ಅವನಿಗೆ ಯಾರೂ ಸುಳ್ಳು ಹೇಳಿಲ್ಲ. ಡಬ್ಬಿಯನ್ನು ಅವನೇ ಇಟ್ಟುಕೊಂಡಿದ್ದಾನೆ.

ನಮ್ಮ ಬೈಬಲಿನ ತೊಬೀತನ ಗ್ರಂಥದಲ್ಲಿ ಒಂದು ನಾಯಿ ಬರುತ್ತದೆ. ಯುವಕ ತೊಬಿಯಾಸ ದೇವದೂತನೊಡನೆ ದೂರ ಪ್ರಯಾಣ ಹೊರಟಾಗ ಅದೂ ಜೊತೆಗೆ ಹೊರಡುತ್ತದೆ. ಅವರು ಮನೆಗೆ ಹಿಂದಿರುಗುವಾಗ ಅದೂ ಹಿಂದೆಯೇ ಬರುತ್ತದೆ. ಅದರ ಹೆಸರನ್ನು ಹೇಳಿಲ್ಲ, ಜಾತಿಯನ್ನೂ ಹೇಳಿಲ್ಲ. ಹೊರಟವರ ಜೊತೆ ಹೊರಟಿತು, ಬಂದವರ ಜೊತೆ ಬಂತು ಎಂಬುದಷ್ಟೇ ಇದೆ. ಆ ಭಾಗವನ್ನು ಓದುವಾಗಲೆಲ್ಲ ಡೆಂಕಣಿಕೋಟೆಯ ರಸ್ತೆ ನನ್ನ ಕಣ್ಣ ಮುಂದೆ ಬರುತ್ತದೆ. ನಿಮ್ಮ ಮನೆಗೆ ನಾಯಿ ತರುವ ಯೋಚನೆ ಇದ್ದರೆ, ಅದು ಯಾವ ಜಾತಿಯದೇ ಆಗಲಿ, ಕೊನೆಯವರೆಗೂ ನಿಮ್ಮ ಜೊತೆ ಬರುವಂತೆ ನೋಡಿಕೊಳ್ಳಲು ಆಗುತ್ತದೆಯೇ ಎಂದು ಮನೆಯವರೆಲ್ಲ ಕೂತು ಒಮ್ಮೆ ಮಾತಾಡಿ. ಮಕ್ಕಳನ್ನೂ ಕೂರಿಸಿಕೊಳ್ಳಿ.